ಸೊಕ್ಕಿಗೊಂದು ಉದಾಹರಣೆ

ಮೂವತ್ತೊಂದು ವರ್ಷ ನಾನು ಜನರನ್ನು ಒಂದೇ ಪ್ರಶ್ನೆ ಕೇಳಿಕೊಂಡು ತಿರುಗಿದೆ: "ಇದಕ್ಕ ನೀವು ಏನಂತೀರಿ?" ಕುಂಟೆ, ಕೂರಿಗೆ, ಮಜ್ಜಿಗೆ, ಮೊಣಕಾಲು, ಸೋದರತ್ತೆ, ಸುಳ್ಳು, ಯಾವುದನ್ನೂ ಬಿಡಲಿಲ್ಲ. ಜನ ಹೇಳಿದ್ದನ್ನು ಕಾರ್ಡಿನ ಮೇಲೆ ಬರೆದುಕೊಂಡು ರಾಯಚೂರಿಗೆ ತಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ನಮ್ಮ ಭಾಗದ ಆಡುಮಾತಿನ ಪದಕೋಶ ಮಾಡುವ ಒಂದು ಸಣ್ಣ ಕಚೇರಿಯಲ್ಲಿ ಇದೇ ನನ್ನ ನೌಕರಿ. ನಮ್ಮ ಮಾವನವರು ಕೊನೆಯವರೆಗೂ ನಾನು ಜನಗಣತಿಯವನೆಂದೇ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಈಗ ಆ ಕಚೇರಿಗೆ ಹೊಸದಾಗಿ ಇಬ್ಬರು ಸೇರಿದ್ದಾರೆ. ಹೋದ ತಿಂಗಳು ತೀನ್ ಕಂದೀಲ್ ಹತ್ತಿರ ಚಹಾದಂಗಡಿಯಲ್ಲಿ ಸಿಕ್ಕು, "ಸರ್, ಈ ಕೆಲಸದಾಗ ಏನೇನು ಕಾಳಜಿ ಮಾಡಬೇಕ್ರಿ?" ಎಂದು ಕೇಳಿದರು. "ನೀರಿನ ಬಾಟ್ಲಿ ಒಯ್ರಿ" ಅಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಆಮೇಲೆ ಅವರು ಇನ್ನೊಂದು ವಿಷಯ ತೆಗೆದರು, ಕಚೇರಿಗೆ ಬಂದ ಒಂದು ಫೋನಿನ ವಿಷಯ. ಅದಕ್ಕೆ ಉತ್ತರ ಚಹಾದಂಗಡಿಯಲ್ಲಿ ನಿಂತು ಹೇಳುವಂಥದ್ದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಫೋನಿನ ಮಾತು ಕೊನೆಗೆ ಬರುತ್ತದೆ.

ಮೊದಲು ಕಾರ್ಡು. ಈಗ ನೀವು ಮೊಬೈಲಿನಲ್ಲಿ ದನಿ ಹಿಡಿದುಕೊಂಡು ಬರುತ್ತೀರಿ, ನಮಗೆ ಕಾರ್ಡೇ ಎಲ್ಲ. ಅಂಚೆ ಕಾರ್ಡಿನಷ್ಟು ದೊಡ್ಡದು. ಮೇಲೆ ಪದ, ಅದರ ಕೆಳಗೆ ಅರ್ಥ, ಅದರ ಕೆಳಗೆ ಆ ಪದ ಬಂದಿರುವ ಒಂದು ಮಾತು. ಆ ಮಾತು ಯಾರೋ ನಿಜವಾಗಿ ಆಡಿದ್ದಾಗಿರಬೇಕು, ನಾವು ಕಟ್ಟಿದ್ದಾಗಿರಬಾರದು. ಬಲಗಡೆಯ ಮೂಲೆಯಲ್ಲಿ ಆಡಿದವರ ಹೆಸರು, ಊರು, ಕಸುಬು. ಆದರೆ ಈ ಮೂಲೆ ಕಚೇರಿಗೆ ಮಾತ್ರ. ಅಚ್ಚಾಗುವಾಗ ಆಡಿದವರ ಹೆಸರು ಬಿಟ್ಟು ತಾಲೂಕಿನ ಹೆಸರಷ್ಟೇ ಹಾಕುತ್ತಿದ್ದೆವು. ನಮ್ಮನ್ನು ನಂಬಿ ಬಾಯಿಬಿಟ್ಟವರಿಗೆ ನಾಳೆ ತೊಂದರೆಯಾಗಬಾರದು ಎಂಬುದು ಕಾರಣ. ಬಹಳ ಒಳ್ಳೆಯ ನಿಯಮ ಎಂದು ನಾನು ಬಹಳ ವರ್ಷ ನಂಬಿದ್ದೆ.

ಈ ನಿಯಮ ಮಾಡಿದವರು ನಮ್ಮ ಪ್ರಧಾನ ಸಂಪಾದಕರು. ನಾವು ಸಾಹೇಬರು ಅನ್ನುತ್ತಿದ್ದೆವು. ಬೇಸಿಗೆಯಲ್ಲಿ ರಾಯಚೂರು ಹೇಗಿರುತ್ತದೆಂದು ಬಲ್ಲವರಿಗೆ ಹೇಳಬೇಕಿಲ್ಲ. ಅಂಥ ಬಿಸಿಲಿನಲ್ಲೂ ಸಾಹೇಬರು ಅಂಗಿಯ ಕೊರಳ ಗುಂಡಿ ಬಿಚ್ಚಿದವರಲ್ಲ. ಕೆಲಸಕ್ಕೆ ಸೇರಿದ ದಿನ ನನಗೆ ಒಂದೇ ಉಪದೇಶ ಮಾಡಿದರು: "ಅಂದದ್ದು ಬರಿ. ಅನಿಸಿದ್ದು ಬರೀಬ್ಯಾಡ." ಎಷ್ಟು ಒಳ್ಳೆಯ ಕಾರ್ಡು ತಂದರೂ ಹೊಗಳುತ್ತಿರಲಿಲ್ಲ. ಕೆಟ್ಟ ಕಾರ್ಡಾದರೆ ತಿರುಗಿಸಿ ಇಡುತ್ತಿದ್ದರು. ತಿರುಗಿಸದೆ ಇಟ್ಟರೆ ಅಂದು ನಾವು ಸಂಜೆ ಮಿರ್ಚಿ ತಿನ್ನುತ್ತಿದ್ದೆವು.

ಕುಂಟೆ, ಕೂರಿಗೆಯ ಕಾರ್ಡುಗಳು ಸುಲಭ. ಬೆರಳು ತೋರಿಸಿ ಕೇಳಿದರಾಯಿತು. ಮನಸ್ಸಿನ ಪದಗಳ ಸರದಿ ಬಂದಾಗ ಸಾಹೇಬರು ಒಬ್ಬೊಬ್ಬರಿಗೆ ಒಂದೊಂದು ಗುಂಪು ಹಂಚಿದರು. ಒಬ್ಬರಿಗೆ ಸಿಟ್ಟು, ಒಬ್ಬರಿಗೆ ಅಳು. ನನಗೆ ಹೆಮ್ಮೆ ಬಂತು. ಹೆಮ್ಮೆ, ಸೊಕ್ಕು, ಗರ್ವ, ಜಂಬ, ಗತ್ತು, ದಿಮಾಕು, ಬಿಗುಮಾನ, ಆ ಓಣಿಯ ಎಲ್ಲರೂ. "ನನಗ ಯಾಕ್ರಿ ಇದು?" ಎಂದು ಕೇಳಿದೆ. "ನಿನ್ನ ಹತ್ರ ಸ್ವಲ್ಪ ಅದ" ಅಂದರು.

ಮೊದಲು ಹೋದದ್ದು ಕವಿತಾಳಕ್ಕೆ. ಸಂತೆಯಲ್ಲಿ ಬದನೆಕಾಯಿ ಮಾರುತ್ತಿದ್ದ ಹೆಂಗಸೊಬ್ಬಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಹಳ ವಿನಯದಿಂದ, "ಯಕ್ಕಾ, ಸೊಕ್ಕು ಅಂದ್ರ ಏನು?" ಎಂದೆ. ಆಕೆ ತಕ್ಕಡಿ ಕೆಳಗಿಟ್ಟಳು. "ಯಾರು ಹೇಳಿದ್ರು ನಿನಗ?" ಅಂದಳು. ಯಾರೂ ಹೇಳಿಲ್ಲ, ಪದಕೋಶಕ್ಕೆ ಬೇಕು ಅಂದೆ. "ಆ ಟಮಾಟಿ ಮಾರಾಕಿ ಕಳಸ್ಯಾಳ ನಿನ್ನ" ಎಂದು ಎದ್ದೇ ನಿಂತಳು. ಟಮಾಟಿ ಮಾರುವವಳೂ ಎದ್ದಳು. ಅವರಿಬ್ಬರ ನಡುವೆ ನಾನು ಹುಟ್ಟುವುದಕ್ಕಿಂತ ಮೊದಲೇ ಏನೋ ನಡೆದಿತ್ತಂತೆ. ಅರ್ಧ ಗಂಟೆಯಲ್ಲಿ ಆ ಗುಂಪಿನ ಒಂಬತ್ತು ಪದ ಸಿಕ್ಕವು, ಎಲ್ಲ ಉದಾಹರಣೆ ಸಮೇತ. ಆದರೆ ಬರೆದುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನೇರವಾಗಿ ಕೇಳಬಾರದು, ಸುಮ್ಮನೆ ಕೂತು ಕಾಯಬೇಕು ಎಂದು ಅಂದು ಕಲಿತೆ.

ಮಾನ್ವಿಯಲ್ಲಿ ಹಾಗೆಯೇ ಮಾಡಿದೆ. ಅಕ್ಕಿ ಗಿರಣಿಯ ಮಾಲೀಕರೊಬ್ಬರ ಮುಂದೆ ಒಂದು ತಾಸು ಸುಮ್ಮನೆ ಕೂತೆ. ಗೋಡೆಯ ತುಂಬ ಅವರು ಶಾಲು ಹೊದಿಸಿಕೊಂಡ ಫೋಟೋಗಳು. ಕೊನೆಗೆ ಅವರೇ ತಡೆಯಲಾಗದೆ, "ನಮ್ಮ ಮಿಲ್ಲಿನ ಅಕ್ಕಿ ಹೈದರಾಬಾದ್ ತನಕ ಹೋಗ್ತದ್ರಿ, ಅದು ನಮಗ ಹೆಮ್ಮಿ" ಎಂದರು. ನನಗೆ ಬೇಕಾದದ್ದು ಸಿಕ್ಕಿತ್ತು. ಬರೆದುಕೊಂಡು, ಸೊಕ್ಕಿನ ವಿಷಯ ತೆಗೆದೆ. ಅವರು ದನಿ ತಗ್ಗಿಸಿ, ಕಿಟಕಿಯಿಂದ ಎದುರಿನ ಗಿರಣಿ ತೋರಿಸಿದರು. "ಅದು ನಮ್ಮಲ್ಲಿ ಇಲ್ರಿ. ಅಲ್ಲಿ ಹೋಗ್ರಿ. ಅಲ್ಲಿ ನೀವು ಕೇಳಬೇಕಾಗೂದಿಲ್ಲ, ಕಾಣ್ತದ." ಎದುರಿನ ಗಿರಣಿಗೆ ಹೋದೆ. ಅಲ್ಲೂ ಹೆಮ್ಮೆ ಇತ್ತು. ಸೊಕ್ಕು ಮಾತ್ರ ರಸ್ತೆಯ ಆಚೆ ಇದೆ ಎಂದು ಅವರೂ ಕಿಟಕಿ ತೋರಿಸಿದರು. ಎರಡೂ ಕಡೆ ಚಹಾ ಚೆನ್ನಾಗಿತ್ತು.

ಆಮೇಲೆ ತಿಂಗಳುಗಟ್ಟಲೆ ಎಲ್ಲಿ ಹೋದರೂ ಇದೇ ಕಥೆ. ಹೆಮ್ಮೆ ಸ್ವಂತ ಮನೆಯಲ್ಲಿ, ಸೊಕ್ಕು ಪಕ್ಕದ ಮನೆಯಲ್ಲಿ. "ನನಗೆ ಸೊಕ್ಕು ಬಂದಿದೆ" ಎಂದು ಹೇಳಿಕೊಂಡವರು ಒಬ್ಬರೂ ಸಿಗಲಿಲ್ಲ. ಇದನ್ನು ದೊಡ್ಡ ಸಂಶೋಧನೆ ಎಂದು ತಿಳಿದು ಕಾರ್ಡಿನ ಅರ್ಥದ ಜಾಗದಲ್ಲಿ "ಸದಾ ಇನ್ನೊಬ್ಬರಲ್ಲಿ ಇರುವಂಥದ್ದು" ಎಂದು ಬರೆದೆ. ಸಾಹೇಬರು ಕಾರ್ಡು ತಿರುಗಿಸಿ ಇಟ್ಟರು.

ಸಾಹೇಬರಿಗೆ ಪದಗಳ ಮೂಲ ಹುಡುಕುವ ಹುಚ್ಚು. ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಹೆಮ್ಮೆ ಎಂದರೆ ಹಳಗನ್ನಡದ ಪೆರ್ಮೆ, ಪೆರಿದು ಎಂದರೆ ಹಿರಿದು, ಅಂದರೆ ಮೂಲದಲ್ಲಿ ಬರೀ ದೊಡ್ಡತನ, ಅದರಲ್ಲಿ ತಪ್ಪೇನೂ ಇಲ್ಲ. ಸೊಕ್ಕು ಎಂದರೆ ಮೊದಲು ಅಮಲು. ಎಳೆ ಅಡಿಕೆ ತಿಂದು ತಲೆ ತಿರುಗಿದರೆ ಇವತ್ತಿಗೂ ಅಡಿಕೆ ಸೊಕ್ಕಿತು ಅನ್ನುತ್ತಾರೆ. ಮದ ಆನೆಯದು. ಕೊಬ್ಬು ಮೈಯದು. ಜಂಬ ಸಂಸ್ಕೃತದ ದಂಭ, ದಾರಿಯಲ್ಲಿ ಬಟ್ಟೆ ಬದಲಿಸಿಕೊಂಡು ಬಂದದ್ದು. ದಿಮಾಕು ನಿಜಾಮರ ಕಾಲದ ಉರ್ದು. ಅಲ್ಲಿ ಅದಕ್ಕೆ ಮಿದುಳು ಎಂದಷ್ಟೇ ಅರ್ಥ. ಮಿದುಳು ಇರುವುದು ನಮ್ಮ ಊರಿಗೆ ಬರುವಷ್ಟರಲ್ಲಿ ಅಪರಾಧವಾಯಿತು. ಪೊಗರು ತೆಲುಗಿನ ಕಡೆಯದು, ಅದನ್ನು ನಾನೇ ಗಿಲ್ಲೆಸುಗೂರಿನ ಬಸ್ಸಿನಲ್ಲಿ, ಸೀಟಿಗಾಗಿ ನಡೆದ ಜಗಳದಲ್ಲಿ ಹಿಡಿದು ತಂದಿದ್ದೆ. ಒಬ್ಬ ಮನುಷ್ಯ ತಲೆ ಎತ್ತಿ ನಡೆದರೆ ಸಾಕು, ಜನ ಅವನ ಮೇಲೆ ಆನೆ, ಅಮಲು, ಕೊಬ್ಬು, ಮಿದುಳು ಎಲ್ಲವನ್ನೂ ಹೇರುತ್ತಾರೆ ಎಂದು ನಾನು ಅಂದೆ. ಸಾಹೇಬರು ಕಣ್ಣು ತೆರೆದು, "ಅನಿಸಿದ್ದು ಬ್ಯಾಡ" ಅಂದರು.

ಈಗ ನಾನು ಹೇಳಬೇಕೆಂದಿರುವ ಕಾರ್ಡಿಗೆ ಬರುತ್ತೇನೆ.

ಸೊಕ್ಕು ಎಂಬ ಪದಕ್ಕೆ ನನ್ನ ಹತ್ತಿರ ಸರಿಯಾದ ಉದಾಹರಣೆ ಇರಲಿಲ್ಲ. ಇದ್ದವೆಲ್ಲ ಬೈಗುಳ ಬೆರೆತವು. ಮಾರ್ಚ್ ತಿಂಗಳಲ್ಲಿ ದೇವದುರ್ಗ ತಾಲೂಕಿನಲ್ಲಿ, ಮಸರಕಲ್ ಆಚೆಯ ಒಂದು ಊರಿಗೆ ಹೋದೆ. ಊರಿನ ದೊಡ್ಡ ಹೊಲದವರು ಅಮರೇಗೌಡರು. ಅವರ ಕಟ್ಟೆಯ ಮೇಲೆ ಕೂತೆ. ಉಪ್ಪಿಟ್ಟು ಕೊಟ್ಟರು, ಗಾಳಿಗೆ ಒಂದು ಬೀಸಣಿಕೆಯನ್ನೂ ಕೊಟ್ಟರು. ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರವಿದ್ದರಿಂದ ನಾನು ಸೀನುತ್ತಲೇ ಇದ್ದೆ. ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಹೊರಟ ಹೆಂಗಸರನ್ನು ಗೌಡರು ನೋಡಿ, "ಹನುಮವ್ವ ಎಲ್ಲಿ?" ಎಂದು ಕೇಳಿದರು. "ಮಗಳ ಹತ್ತನೇತ್ತ ಪರೀಕ್ಷಾ ಅದ್ರಿ ಯಪ್ಪಾ, ದೇವದುರ್ಗಕ್ಕ ಹೋಗ್ಯಾಳ. ಮುಗಿಯೂತನ ಸಾಲಿ ಗೇಟಿನಾಗ ಕುಂದರ್ತಾಳಂತ" ಎಂದು ಒಬ್ಬಾಕೆ ಹೇಳಿ ಮುಂದೆ ನಡೆದಳು. ಗೌಡರು ನನ್ನ ಕಡೆ ತಿರುಗಿದರು.

"ಹನುಮವ್ವಗ ಸೊಕ್ಕು ಬಂದದ ನೋಡ್ರಿ. ಮೆಣಸಿನಕಾಯಿ ಬಿಡಸಾದು ಬಿಟ್ಟು, ಮಗಳ ಪರೀಕ್ಷಾಕ್ಕ ಹೋಗಿ ಗೇಟಿನಾಗ ಕುಂತಾಳ."

ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಇಂಥ ಮಾತು ವರ್ಷಕ್ಕೊಂದೂ ಸಿಗುವುದಿಲ್ಲ. ಬೈಗುಳವಿಲ್ಲ, ಪದ ನಡುವೆ ಚೆನ್ನಾಗಿ ಕೂತಿದೆ, ಓದಿದವರಿಗೆ ಅರ್ಥ ತಾನೇ ತಿಳಿಯುತ್ತದೆ. ಒಂದಕ್ಷರ ಬಿಡದೆ ಬರೆದುಕೊಂಡೆ. ಮೂಲೆಯಲ್ಲಿ ಗೌಡರ ಹೆಸರು, ಊರು, ಒಕ್ಕಲುತನ ಎಂದು ಹಾಕಿದೆ.

ಮಧ್ಯಾಹ್ನ ದೇವದುರ್ಗದ ಬಸ್ಸು ಬಂತು. ತಾಯಿ ಮಗಳು ಇಳಿದರು. ಅವರೇ ಹನುಮವ್ವ ಎಂದು ಕಟ್ಟೆಯ ಮೇಲಿದ್ದವರು ಯಾರೋ ಹೇಳಿದರು. ಗೌಡರ ಮನೆ ದಾಟುವಾಗ ಹನುಮವ್ವ ತಮ್ಮ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಮಗಳ ಚಪ್ಪಲಿ ಕಾಲಲ್ಲೇ ಇದ್ದವು. ಅದನ್ನು ನೋಡಿದೆ. ಎದ್ದು ಹೋಗಿ ಆಕೆಯನ್ನು ಒಂದು ಮಾತು ಕೇಳಬಹುದಿತ್ತು. ಕಾರ್ಡು ತುಂಬಿತ್ತು. ಕೇಳಲಿಲ್ಲ.

ರಾಯಚೂರಿನಲ್ಲಿ ಸಾಹೇಬರು ಆ ಕಾರ್ಡನ್ನು ಎರಡು ಸಲ ಓದಿದರು. "ಚಲೋ ಕಾರ್ಡು" ಅಂದರು. ಅವರ ಬಾಯಿಂದ ಆ ಮಾತು ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ನಾನು ಮನೆಗೆ ಹೋಗಿ ಹೆಂಡತಿಗೆ ಓದಿ ಹೇಳಿದೆ. ಆಕೆ ಅಕ್ಕಿ ಆರಿಸುತ್ತ, "ಹನುಮವ್ವ ಯಾರು?" ಎಂದು ಕೇಳಿದಳು. "ಉದಾಹರಣೆ" ಅಂದೆ.

ಪದಕೋಶ ಅಚ್ಚಾಯಿತು. ನಿಯಮದಂತೆ ಗೌಡರ ಹೆಸರು ಬಿಟ್ಟು ದೇವದುರ್ಗ ಎಂದಷ್ಟೇ ಹಾಕಿದೆವು. ಮಾತಿನ ಒಳಗಿದ್ದ ಹೆಸರು ಮಾತಿನ ಭಾಗ, ಅದನ್ನು ಮುಟ್ಟುವಂತಿರಲಿಲ್ಲ. ಹೀಗೆ ಅಂದವರ ಹೆಸರು ಹೋಯಿತು, ಅನ್ನಿಸಿಕೊಂಡವರ ಹೆಸರು ಉಳಿಯಿತು. ನಾಲ್ಕು ಜನ ಕೂತು ಕರಡು ತಿದ್ದಿದ್ದೆವು. ನಾಲ್ವರಲ್ಲಿ ಒಬ್ಬರಿಗೂ ಇದು ಕಣ್ಣಿಗೆ ಬೀಳಲಿಲ್ಲ. ಅಲ್ಪವಿರಾಮ ಬಿಟ್ಟುಹೋದದ್ದನ್ನು ಮಾತ್ರ ಹಿಡಿದೆವು.

ವರ್ಷಗಳು ಹೋದವು. ಟೇಪ್ ರೆಕಾರ್ಡರ್ ಬಂತು, ಮೂರು ತಾಸಿನ ಮಾತುಕತೆಯನ್ನು ಗುಂಡಿ ಒತ್ತದೆ ಮುಗಿಸಿಕೊಂಡು ಬಂದೆ. ಕಂಪ್ಯೂಟರ್ ಬಂತು, ಕಾರ್ಡಿನ ಪೆಟ್ಟಿಗೆಗಳನ್ನು ಗೆದ್ದಲಿಗೆ ಬಿಟ್ಟೆವು. ಪುಣ್ಯಕ್ಕೆ ಗೆದ್ದಲಿಗೆ ಸ ಅಕ್ಷರ ಹಿಡಿಸಲಿಲ್ಲ. ಮೊಬೈಲ್ ಬಂದಮೇಲೆ ಊರಿಗೆ ಹೋಗುವುದೇ ಬೇಡ, ಗುಂಪು ಮಾಡಿ ಪ್ರಶ್ನೆ ಕಳಿಸಿದರಾಯಿತು ಎಂದರು. ಹೆಮ್ಮೆಗೆ ಏನಂತೀರಿ ಎಂದು ಕಳಿಸಿದೆವು. ನಲವತ್ತು ಉತ್ತರ ಬಂದವು. ಹದಿನೈದು ಗುಲಾಬಿ ಹೂವು, ಉಳಿದವು ಕೈ ಮುಗಿದ ಚಿತ್ರ.

ನನ್ನ ನಿವೃತ್ತಿಗೆ ಕೆಲವು ತಿಂಗಳಿರುವಾಗ ಪದಕೋಶದ ಎರಡನೆಯ ಮುದ್ರಣ ಸಿದ್ಧವಾಯಿತು. ಎಂಟು ದಿನದಲ್ಲಿ ಪುಟಗಳು ಅಚ್ಚಿಗೆ ಹೋಗಬೇಕು. ಒಮ್ಮೆ ಹೋದರೆ ಮತ್ತೊಂದು ಮುದ್ರಣ ನಮ್ಮ ಜೀವಮಾನದಲ್ಲಿ ಬರುವ ನೆಚ್ಚಿಗೆ ಇರಲಿಲ್ಲ. ಆಗ ಒಬ್ಬ ಶಿಕ್ಷಕಿ ಕಚೇರಿಗೆ ಬಂದರು. ನಲವತ್ತರ ಆಸುಪಾಸು, ಕೈಯಲ್ಲಿ ನಮ್ಮ ಹಳೆಯ ಪದಕೋಶ. ಹೆಸರು ಸುಜಾತಾ, ಮಾನ್ವಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಾರೆ. ನಮ್ಮ ಪುಸ್ತಕ ಓದಿದವರು ಸಿಕ್ಕರಲ್ಲ ಎಂದು ನಾನು ಕುರ್ಚಿ ಕೊಟ್ಟು ಚಹಾ ತರಿಸಿದೆ.

"ಸರ್, ಕ್ಲಾಸಿನಾಗ ಮಕ್ಕಳಿಗೆ ಪದಕೋಶ ನೋಡಾದು ಕಲಸಾಕತ್ತಿದ್ದೆ" ಎಂದರು. "ಒಬ್ಬಾಕಿ ಹುಡುಗಿ ಎದ್ದು ನಿಂತು ಈ ಪದ ಓದಿದಳು, ಉದಾಹರಣಿ ಸಮೇತ." ಪುಟ ತೆರೆದು ಬೆರಳಿಟ್ಟರು.

ನಾನು ಓದಬೇಕಾಗಿರಲಿಲ್ಲ. ಅದು ನನಗೆ ಬಾಯಿಪಾಠ.

"ಹನುಮವ್ವ ಅನ್ನೋರು ಭಾಳ ಮಂದಿ ಇರ್ತಾರಲ್ರಿ ಟೀಚರ್" ಎಂದೆ. ಹಾಗೆಂದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

"ಇರ್ತಾರ್ರಿ. ಆದ್ರ ನಾ ಹತ್ತನೇತ್ತ ಪರೀಕ್ಷಾ ಬರೆಯೂ ಮುಂದ ದೇವದುರ್ಗದ ಗೇಟಿನಾಗ ಕುಂತ ಅವ್ವ ನಮ್ಮವ್ವ ಒಬ್ಬಾಕಿನೇ."

ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ.

"ಮಕ್ಕಳ ಮುಂದ ಏನು ಹೇಳ್ಲಿರಿ? ಮುಂದಿನ ಪದ ಓದು ಅಂದೆ" ಎಂದರು ಸುಜಾತಾ. "ಆಮ್ಯಾಲೆ ಹೆಮ್ಮಿ ಅನ್ನೋದಕ್ಕ ಯಾರನ್ನ ಹಾಕೀರಿ ಅಂತ ನೋಡಿದೆ. ಅಕ್ಕಿ ಮಿಲ್ಲು ಹಾಕೀರಿ. ನಮ್ಮವ್ವಗ ಇದು ಇನ್ನಾ ಗೊತ್ತಿಲ್ಲ ಸರ್. ಗೊತ್ತಾಗೋದಕ್ಕ ಮುಂಚೆ ಆಕಿ ಹೆಸರು ತೆಗೀರಿ. ನಾ ಬ್ಯಾರೆ ಏನೂ ಕೇಳಂಗಿಲ್ಲ."

ಆ ಮಾತು ಬರೆದುಕೊಂಡವನು ನಾನೇ ಎಂದು ಹೇಳಿದೆ. ಅವರು ನನ್ನನ್ನೇ ನೋಡಿದರು. "ಕಟ್ಟಿ ಮ್ಯಾಲೆ ಬೀಸಣಿಕಿ ಹಿಡ್ಕೊಂಡು ಕುಂತಿದ್ರಲ್ಲ, ಅವರಾ?" ಎಂದರು. ಹೌದೆಂದೆ.

ಸಾಹೇಬರು ಆಗಲೇ ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಆದರೂ ಅವರ ಒಪ್ಪಿಗೆ ಇಲ್ಲದೆ ಪದಕೋಶದ ಒಂದಕ್ಷರ ಅಲುಗುತ್ತಿರಲಿಲ್ಲ. ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಎಂಬತ್ತು ದಾಟಿದ್ದರೂ ಕೊರಳ ಗುಂಡಿ ಹಾಕಿಯೇ ಇತ್ತು.

"ಅಂದದ್ದು ಅಂದದ್ದೇ. ಹೆಸರು ತೆಗದ್ರ ಅದು ನೀ ಕಟ್ಟಿದ ಮಾತಾಗ್ತದ" ಅಂದರು.

"ಬ್ಯಾರೆ ಹೆಸರು ಹಾಕಿದ್ರ?"

"ಯಾರದು ಹಾಕ್ತಿ? ನಿನ್ನ ಹೆಂಡತೀದು ಹಾಕ್ತಿಯೇನು?"

ಆಮೇಲೆ ಅವರೇ, "ಅದೇ ಊರಾಗ, ಅದೇ ಪದಕ್ಕ ಇನ್ನೊಂದು ಮಾತು ಸಿಕ್ರ ತಾ, ಇದನ್ನ ತೆಗದು ಅದನ್ನ ಹಾಕೋಣು. ಆದ್ರ ನೀ ಹೇಳಿಸಿದ್ದು ನಡಿಯಂಗಿಲ್ಲ. ಕುಂತು ಕೇಳು" ಎಂದರು.

ಮಾತಾಡಿಕೊಂಡಂತೆ ಭಾನುವಾರ ದೇವದುರ್ಗದ ಬಸ್ ನಿಲ್ದಾಣದಲ್ಲಿ ಸುಜಾತಾ ಸಿಕ್ಕರು. ಅಚ್ಚಿಗೆ ಇನ್ನು ಮೂರು ದಿನ. ಊರಲ್ಲಿ ಇಳಿದಾಗ ನನ್ನ ಕಾಲು ಹಳೆಯ ಚಾಳಿಯಂತೆ ಗೌಡರ ಮನೆಯ ಕಡೆ ತಿರುಗಿತು. ಅಮರೇಗೌಡರು ತೀರಿಹೋಗಿದ್ದರು, ಮನೆ ಮಗನದು, ಕಟ್ಟೆಗೆ ಟೈಲ್ಸ್ ಹಾಕಿಸಿದ್ದರು. "ಅಲ್ಲಿ ಬ್ಯಾಡ್ರಿ ಸರ್, ನಮ್ಮ ಮನಿಗೆ ಬರ್ರಿ" ಎಂದು ಸುಜಾತಾ ಮುಂದೆ ನಡೆದರು. ಅವರ ಹಿಂದೆ ಹೋಗುವಾಗ ಒಂದು ವಿಷಯ ಹೊಳೆದು ನಾನು ನಡುದಾರಿಯಲ್ಲಿ ನಿಂತುಬಿಟ್ಟೆ. ಅಷ್ಟು ವರ್ಷ ಊರೂರು ತಿರುಗಿದ್ದೆ. ಹೋದ ಊರಲ್ಲೆಲ್ಲ ಕಟ್ಟೆಯ ಮೇಲೆ ಕೂತಿದ್ದೆ, ಕಟ್ಟೆಯವರು ಆಡಿದ್ದನ್ನು ಬರೆದುಕೊಂಡಿದ್ದೆ. ಊರಂಚಿನ ಇಂಥ ಓಣಿಯೊಳಗೆ ಕೂತು ಕೇಳಲು ಹೋಗುತ್ತಿದ್ದದ್ದು ಅದೇ ಮೊದಲು. ಇಡೀ ಸೀಮೆಯ ಮಾತು ಎಂದು ನಾವು ರಟ್ಟು ಕಟ್ಟಿಸಿದ್ದ ಪುಸ್ತಕದಲ್ಲಿ ಅರ್ಧ ಸೀಮೆ ಇರಲೇ ಇಲ್ಲ.

ಹನುಮವ್ವ ಬಾಗಿಲಲ್ಲೇ ಇದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗೋಡೆಯ ಮೇಲೆ ಬುದ್ಧನ ಒಂದು ಚಿತ್ರ, ಅದರ ಪಕ್ಕದಲ್ಲಿ ಸುಜಾತಾ ಪದವಿ ಪಡೆದ ದಿನದ ಫೋಟೋ. ಒಂದೇ ಕುರ್ಚಿ ಇತ್ತು, ಅದನ್ನು ನನಗೆ ಹಾಕಿದರು. ಸುಮ್ಮನೆ ಕೂತು ಕಾಯಬೇಕು ಎಂಬ ನನ್ನ ವಿದ್ಯೆ ಅಲ್ಲಿ ಎರಡು ನಿಮಿಷವೂ ನಡೆಯಲಿಲ್ಲ.

"ಏನೋ ಬುಕ್ಕು ತಂದೀರಂತ. ಅದರಾಗ ನನ್ನ ಹೆಸರು ಅದ ಅಂತ" ಎಂದು ಆಕೆಯೇ ಕೇಳಿದರು.

ಸುಜಾತಾ ನೆಲ ನೋಡಿದರು. "ಬೆಳಿಗ್ಗೆ ಫೋನ್ ಮಾಡಿ ಹೇಳಿದೆ ಸರ್. ತಡಕೊಳ್ಳಾಕ ಆಗಲಿಲ್ಲ" ಅಂದರು.

"ಓದು, ಕೇಳ್ತೀನಿ" ಎಂದರು ಹನುಮವ್ವ.

ಸುಜಾತಾ ಓದಿದರು. ಶಿಕ್ಷಕಿಯ ದನಿಯಲ್ಲಿ ಶುರುಮಾಡಿದರು, ಕೊನೆಗೆ ಆ ದನಿ ಇರಲಿಲ್ಲ. ಹನುಮವ್ವ ಪುಸ್ತಕ ತೆಗೆದುಕೊಂಡು ತಮ್ಮ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಿಟ್ಟರು.

"ಅಮರೇಗೌಡನ ಮಾತಿದು" ಎಂದರು. "ಅವನ ಹೆಸರು ಎಲ್ಲದ?"

"ಇಲ್ಲ ಯವ್ವಾ. ಅಂದವರ ಹೆಸರು ಹಾಕಂಗಿಲ್ಲ. ನಿಯಮ ಅದ."

"ಯಾಕ?"

"ಅವರಿಗೆ ತೊಂದರಿ ಆಗಬಾರದು ಅಂತ."

ಹನುಮವ್ವ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಆ ವರ್ಷ ಪೂರಾ ನನ್ನನ್ನ ಹೊಲಕ್ಕ ಕರೀಲಿಲ್ಲರಿ ಅವ. ಯಾರೂ ಕರಿಬ್ಯಾಡ್ರಿ ಅಂತ ಊರಾಗ ಹೇಳಿಬಿಟ್ಟ. ಮಸರಕಲ್ಲಿಗೆ ನಡಕೊಂತ ಹೋಗಿ ದುಡದೆ" ಎಂದರು.

ಇದು ನನ್ನ ಕಾರ್ಡಿನಲ್ಲಿ ಇರಲಿಲ್ಲ. ಸುಜಾತಾಗೂ ಗೊತ್ತಿರಲಿಲ್ಲವೆಂದು ಅವರ ಮುಖ ನೋಡಿ ತಿಳಿಯಿತು. "ಅವ್ವಾ, ಮಸರಕಲ್ಲಾಗ ಕೂಲಿ ಚಲೋ ಅದ ಅಂತ ಹೋಗ್ತಿದ್ದಿ ಅಲ್ಲ?" ಎಂದು ಕೇಳಿದರು. ಹನುಮವ್ವ ಪುಸ್ತಕ ಮುಚ್ಚಿ ಮಗಳ ಕೈಗೆ ಕೊಟ್ಟರು.

"ಯವ್ವಾ, ಗೇಟಿನಾಗ ಯಾಕ ಕುಂತಿದ್ರಿ ಅವತ್ತು?" ಎಂದು ನಾನು ಕೇಳಿದೆ. ಕಟ್ಟೆಯಿಂದ ಇಳಿದು ಹೋಗಿ ಆ ದಿನವೇ ಕೇಳಬೇಕಾಗಿದ್ದ ಪ್ರಶ್ನೆ.

"ಒಳಗ ಏನು ಬರೀತಾರ ನನಗೇನು ತಿಳೀತದ್ರಿ? ಯಾರರ ಈಕಿಗೆ ಏಳು, ಹೊರಗ ನಡಿ ಅಂದ್ರ ಬಾಗಲಾಗ ನಾ ಇರ್ತೀನಲ್ಲ, ಅದಕ್ಕ ಕುಂತೆ."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಆಮೇಲೆ ಬಂದ ಕೆಲಸ ಹೇಳಿದೆ. ಮೂರು ದಿನದಲ್ಲಿ ಹೊಸ ಪುಸ್ತಕ ಅಚ್ಚಾಗುತ್ತದೆ, ಈ ಮಾತನ್ನು ಅದರಿಂದ ತೆಗೆಯುತ್ತೇವೆ, ನಿಮ್ಮ ಹೆಸರು ಇನ್ನು ಇರುವುದಿಲ್ಲ ಎಂದೆ.

"ಯಾಕ ತೆಗೀತೀರಿ?" ಎಂದರು ಹನುಮವ್ವ. "ಅದರಾಗ ಸುಳ್ಳೇನದ? ಬಂದಿತ್ತರಿ ನನಗ ಸೊಕ್ಕು. ಅವತ್ತು ನನಗ ಸೊಕ್ಕು ಬಂದಿದ್ದಕ್ಕ ಇವತ್ತು ಈಕಿ ಟೀಚರ್ ಆಗ್ಯಾಳ."

ಮೂವತ್ತೊಂದು ವರ್ಷದಲ್ಲಿ ಆ ಪದವನ್ನು ತನ್ನ ಮೇಲೆ ತಾನೇ ಹಾಕಿಕೊಂಡವರನ್ನು ನಾನು ಅದೇ ಮೊದಲು ಕಂಡೆ. ಜೇಬಿನಲ್ಲಿ ಕಾರ್ಡು ಇತ್ತು. ತೆಗೆದೆ. ತೆಗೆದವನು ಒಂದು ಕ್ಷಣ ನಿಂತು, ನೌಕರಿಯಲ್ಲಿ ಎಂದೂ ಕೇಳದಿದ್ದ ಮಾತು ಕೇಳಿದೆ: "ಯವ್ವಾ, ಇದನ್ನ ಬರಕೊಳ್ಳಲೇನು?"

"ಬರಕೋರಿ. ನನ್ನ ಹೆಸರು ಹಾಕ್ತೀರಿಲ್ಲ?"

"ನಿಯಮ..." ಎಂದು ಶುರುಮಾಡಿದೆ.

"ಅಂದ್ರ ಅನ್ನಿಸಿಕೊಂಡಾಗ ನನ್ನ ಹೆಸರು ಬೇಕು, ನಾ ಅಂದ್ರ ಹೆಸರು ಬ್ಯಾಡ?"

ಆಕೆ ಸೊಕ್ಕಿನ ಬಗ್ಗೆ ಅಂದದ್ದನ್ನು ಬರೆದುಕೊಂಡು, ಕಾರ್ಡಿನ ಮೂಲೆಯಲ್ಲಿ ಹನುಮವ್ವ ಎಂದು ಹಾಕಿದೆ. ಹೊರಡುವಾಗ ಹನುಮವ್ವ ನಮ್ಮನ್ನು ಕಳಿಸಲು ಬಸ್ಸಿನವರೆಗೆ ಬಂದರು. ಗೌಡರ ಕಟ್ಟೆಯ ಮುಂದೆ ಹಾದು ಬಂದೆವು. ಚಪ್ಪಲಿ ಅವರ ಕಾಲಲ್ಲೇ ಇದ್ದವು.

ಮರುದಿನ ಸಾಹೇಬರ ಮುಂದೆ ಎರಡೂ ಕಾರ್ಡು ಇಟ್ಟೆ, ಹಳೆಯದು ಮತ್ತು ಹೊಸದು. ಮಸರಕಲ್ಲಿಗೆ ನಡೆದದ್ದು, ಗೇಟಿನಲ್ಲಿ ಕೂತದ್ದು, ಹೆಸರಿನ ಪ್ರಶ್ನೆ, ಎಲ್ಲವನ್ನೂ ಅಂದದ್ದನ್ನು ಅಂದಂತೆಯೇ ಹೇಳಿದೆ. ಅವರು ಹೊಸ ಕಾರ್ಡು ಕೈಗೆತ್ತಿಕೊಂಡರು.

"ನೀ ಹೇಳಿಸಿದ್ದೋ, ಆಕಿ ಅಂದದ್ದೋ?"

"ಆಕಿ ಅಂದದ್ರಿ. ನಾ ಅಳಸಾಕ ಹೋಗಿದ್ದೆ."

ಸಾಹೇಬರು ಪೆನ್ನು ಕೇಳಿದರು. ಹೊಸ ಮಾತಿನ ಕೆಳಗೆ, ಅಚ್ಚಿಗೆ ಹೋಗುವ ಜಾಗದಲ್ಲಿ, ಹನುಮವ್ವ ಎಂದು ಬರೆದರು. ಆಮೇಲೆ ಹಳೆಯ ಕಾರ್ಡು ತೆಗೆದುಕೊಂಡು ಅದರ ಕೆಳಗೂ ಅಮರೇಗೌಡ ಎಂದು ಬರೆದರು. ಅಕ್ಷರ ಮೊದಲಿನಂತೆಯೇ ಗುಂಡಗಿದ್ದವು.

"ಎರಡೂ ಹಾಕು" ಎಂದರು.

"ನಿಯಮ ರೀ?"

"ನಿಯಮ ಮಾಡಿದಾಂವ ನಾನು" ಎಂದು ಕೊರಳ ಗುಂಡಿ ಬಿಚ್ಚಿಕೊಂಡರು.

ಎರಡನೆಯ ಮುದ್ರಣದಲ್ಲಿ ಸೊಕ್ಕು ಎಂಬ ಪದಕ್ಕೆ ಎರಡು ಉದಾಹರಣೆಗಳಿವೆ, ಒಂದರ ಕೆಳಗೆ ಒಂದು, ಇಬ್ಬರ ಹೆಸರಿನ ಸಮೇತ. ಇಡೀ ಪುಸ್ತಕದಲ್ಲಿ ಆಡಿದವರ ಹೆಸರು ಇರುವುದು ಆ ಒಂದೇ ಕಡೆ. ಸುಜಾತಾ ಅದನ್ನು ಕ್ಲಾಸಿನಲ್ಲಿ ಓದಿಸಿದರಂತೆ. ಈ ಸಲ ಮುಂದಿನ ಪದಕ್ಕೆ ಹೋಗಲಿಲ್ಲವಂತೆ. ನನ್ನ ನೌಕರಿಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದು ಇದೊಂದೇ. ಅದನ್ನೂ ಮಾಡಿದವರು ಬೇರೆಯವರು.

ಈಗ ಆ ಫೋನಿನ ವಿಷಯ. ಚಹಾದಂಗಡಿಯಲ್ಲಿ ನೀವಿಬ್ಬರೂ ಹೇಳಿದಿರಿ: ಅಮರೇಗೌಡರ ಮಗ ಫೋನ್ ಮಾಡಿದ್ದಾರೆ, ಸತ್ತವರ ಹೆಸರನ್ನು ಹೀಗೆ ಪುಸ್ತಕದಲ್ಲಿ ಇಟ್ಟಿದ್ದರಿಂದ ಮನೆತನಕ್ಕೆ ಅವಮಾನವಾಗಿದೆ, ಮುಂದಿನ ಮುದ್ರಣದಲ್ಲಿ ತೆಗೆಯಬೇಕು ಅನ್ನುತ್ತಿದ್ದಾರೆ, ಏನು ಹೇಳುವುದು? ಅವರ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಹೆಸರಿನ ನೋವು ಹೊತ್ತು ಬಂದ ಸುಜಾತಾಗೆ ನಾವು ಒಮ್ಮೆ ದಾರಿ ಮಾಡಿಕೊಟ್ಟಿದ್ದೇವೆ, ಆ ದಾರಿ ಅವರಿಗೂ ತೆರೆದಿರಬೇಕು. ಹಾಗಾಗಿ ನೀವು ಹೇಳಬೇಕಾದದ್ದು ಇಷ್ಟೇ: ಆ ಮಾತು ಇಬ್ಬರಿಗೆ ಸೇರಿದ್ದು, ಅಂದವರು ಈಗಿಲ್ಲ, ಅನ್ನಿಸಿಕೊಂಡವರು ನಿಮ್ಮ ಮನೆಯಿಂದ ಮೂರು ಓಣಿ ಆಚೆ ಇದ್ದಾರೆ. ಹೋಗಿ ಕೇಳಿರಿ. ಆಕೆ ಹೂಂ ಅಂದರೆ ತೆಗೆಯುತ್ತೇವೆ.

ಮೊನ್ನೆ ಸುಜಾತಾಗೆ ಫೋನ್ ಮಾಡಿ ಇದನ್ನು ತಿಳಿಸಿದೆ. ಅವರು ತಾಯಿಯನ್ನು ಕೇಳಿ ಹೇಳಿದರು: "ಬರ್ಲಿ ಅಂತಾಳ್ರಿ ಅವ್ವ. ಬಂದು ಕುಂತು ಕೇಳಿದ್ರ ಹೂಂ ಅಂತಾಳಂತ. ಕುರ್ಚಿ ಹಾಕಿಟ್ಟಾಳ."

ಮೂರೇ ಓಣಿ, ನಡೆದರೆ ಐದು ನಿಮಿಷ. ಗೌಡರ ಮಗ ಇನ್ನೂ ಹೋಗಿಲ್ಲ. ಅವರ ಕಾಲು ಹಿಡಿದಿಟ್ಟಿರುವುದಕ್ಕೆ ಏನನ್ನುತ್ತಾರೆ ಎಂದು ಬರೆದುಕೊಳ್ಳಲು ನಿಮಗಾಗಿ ಒಂದು ಖಾಲಿ ಕಾರ್ಡು ತೆಗೆದಿಟ್ಟಿದ್ದೇನೆ. ಬಂದು ಒಯ್ಯಿರಿ. ಅವರು ಹೋದರೆ ಅದನ್ನು ಹರಿದುಹಾಕಿರಿ.